ಕದ್ರಿ ಗೋಪಾಲನಾಥರ ಸ್ಯಾಕ್ಸಫೋನು

ಸನಾದಿಯ ದನಿಗೆ ಒಗ್ಗಿದ ನಮ್ಮ ಗೊರೇಬಾಳದ ಕಿವಿಗೆ ಸ್ಯಾಕ್ಸಫೋನು ಮೊದಲು ಬ್ಯಾಂಡಿನವರ ಗದ್ದಲದ ವಾದ್ಯವಾಗಿಯೇ ತೋರಿತ್ತು. ಆ ತಪ್ಪೆಣಿಕೆಯನ್ನು ತಿದ್ದಿದವರು ಕದ್ರಿ ಗೋಪಾಲನಾಥರು.

1949ರಲ್ಲಿ ಬಂಟ್ವಾಳದ ಬಳಿಯ ಸಜಿಪದಲ್ಲಿ, ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಇವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮನಸೋತರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು 1840ರ ದಶಕದಲ್ಲಿ ರೂಪಿಸಿದ ವಾದ್ಯವದು. ಇದರಲ್ಲಿ ಬೆರಳು ರಂಧ್ರವನ್ನು ತಾಕದು. ಕೀಲಿಯನ್ನೊತ್ತಿದರೆ ಮುಚ್ಚಳವು ರಂಧ್ರವನ್ನು ಮುಚ್ಚುವುದು. ಹೀಗಿರಲು ಸ್ವರದಿಂದ ಸ್ವರಕ್ಕೆ ಜಾರುವ ಗಮಕವೆಲ್ಲಿಯದು? ಗೋಪಾಲನಾಥರು ವಾದ್ಯದಲ್ಲಿ ಮಾರ್ಪಾಟು ಮಾಡಿಕೊಂಡು, ತುಟಿಯನ್ನೂ ಉಸಿರನ್ನೂ ವರ್ಷಗಟ್ಟಲೆ ಪಳಗಿಸಿ ಅದನ್ನು ಸಾಧಿಸಿದರು.

1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. ಜಾಜ್ ವಾದಕರಲ್ಲಿ ಟೆನರ್ ಸ್ಯಾಕ್ಸಫೋನನ್ನೂ ಕೊಳಲನ್ನೂ ಒಬ್ಬರೇ ನುಡಿಸುವುದುಂಟು. ನಮ್ಮವರು ಅದಕ್ಕಿಂತ ಕಿರಿದಾದ ಆಲ್ಟೋ ಒಂದನ್ನೇ ಹಿಡಿದರು. ಕೊಳಲಿಗೆ ಜೇಮ್ಸ್ ನ್ಯೂಟನ್ನರು ಜೊತೆಯಾದರು. ‘ಸದರ್ನ್ ಬ್ರದರ್ಸ್’ ಎಂಬ ಧ್ವನಿಮುದ್ರಿಕೆಯಲ್ಲಿ ಅದನ್ನು ಕೇಳಬಹುದು.

ಅವರು 2019ರ ಅಕ್ಟೋಬರ್ 11ರಂದು ಕಾಲವಾದರು. ವಾಚಕರು ಮೊದಲು ಅವರ ಕಚೇರಿಯ ರಾಗಾಲಾಪನೆಯೊಂದನ್ನು ಕೇಳಲಿ. ಜಾಜಿನ ಬೆರಕೆ, ನಮ್ಮನ್ನು ಕೇಳಿದರೆ, ಆಮೇಲಿನದು.