ಪೆಟ್ಟಿಗಿ ಹಾಡತದ, ಹಾಡಿದವರ ಹೆಸರೆಲ್ಲಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಯಾವ ಊರಾದರೂ ಸರಿ, ಬಸ್ ಸ್ಟ್ಯಾಂಡಿನ ಆಜೂಬಾಜೂ ಇರುವ ಮೊಬೈಲ್ ಅಂಗಡಿಯೊಳಗೆ ಒಮ್ಮೆ ಕಣ್ಣು ಹಾಯಿಸಿ. ಗಾಜಿನ ಕಪಾಟಿನಲ್ಲಿ ದುಬಾರಿ ಫೋನುಗಳು ಮಲಗಿರುತ್ತವೆ. ಅವುಗಳ ತಲೆಯ ಮೇಲೆ, ಮೊಳೆಗೆ ಜೋತುಬಿದ್ದ ಸಣ್ಣ ಪೆಟ್ಟಿಗೆಗಳ ಸಾಲು. ಕೆಂಪು, ನೀಲಿ, ಕರಿ ಬಣ್ಣ. ಮುಂದೆ ಜಾಳಿಗೆ, ಮೇಲೊಂದು ಏರಿಯಲ್ ಕಡ್ಡಿ, ಬಗಲಿಗೆ ಬೆರಳುಗುರಿನಷ್ಟು ಕಾರ್ಡು ತೂರಿಸುವ ಸೀಳು. ಕೆಲವೇ ನೂರು ರೂಪಾಯಿಯ ಈ ಸಾಮಾನಿಗೆ ಕಂಪನಿಯವರು ಏನು ಹೆಸರಿಟ್ಟರೂ, ಕೊಳ್ಳಲು ಬಂದವರು ಕೇಳುವುದು ‘ಹಾಡಿನ ಪೆಟ್ಟಿಗಿ’ ಎಂದೇ.

ವ್ಯಾಪಾರದ ಮಾತೂ ಚುಟುಕು.

‘ಏನ್ ಹಾಕ್ಲಿ ಕಾಕಾ?’

‘ಡೊಳ್ಳಿನ ಪದ ಹಾಕಪಾ, ಹಳೇವು. ಅಮೋಘಸಿದ್ಧಂದು ಇದ್ರ ಮೊದಲ ಹಾಕು.’

‘ಯಾರು ಹಾಡಿದ್ದು ಬೇಕು?’

‘ಹೆಸರ್ ಯಾರಿಗ್ ಗೊತ್ತಪಾ. ದನಿ ಚೊಲೊ ಇರಬೇಕು, ಅಷ್ಟ.’

ಅಲ್ಲಿಗೆ ಮುಗಿಯಿತು. ಕಂಪ್ಯೂಟರಿನಿಂದ ಕಾರ್ಡಿಗೆ ಹಾಡು ಇಳಿಯುತ್ತವೆ, ಪೆಟ್ಟಿಗೆ ಚೀಲ ಸೇರುತ್ತದೆ, ಕಾಕಾ ಬಸ್ಸು ಹತ್ತುತ್ತಾನೆ. ಆದರೆ ‘ಹೆಸರ್ ಯಾರಿಗ್ ಗೊತ್ತು’ ಎಂಬ ಆ ಒಂದು ಮಾತಿನಲ್ಲಿ ನಮ್ಮ ಸೀಮೆಯ ಹಾಡುಗಾರರ ಪಾಲಿಗೆ ಒಂದು ದೊಡ್ಡ ಲುಕ್ಸಾನು ಅಡಗಿದೆ.

ಫೋನಿದ್ದರೂ ಪೆಟ್ಟಿಗೆ ಏಕೆ?

2016ರ ನಂತರ ಅಗ್ಗದ ಇಂಟರ್ನೆಟ್ ಹಳ್ಳಿಹಳ್ಳಿಗೆ ಬಂತು. ಬೆರಳು ಆಡಿಸಿದರೆ ಫೋನಿನಲ್ಲೇ ಬೇಕಾದ ಹಾಡು. ಇನ್ನು ಈ ಪೆಟ್ಟಿಗೆಯನ್ನು ಕೇಳುವವರಾರು ಎಂದು ಅಂದುಕೊಂಡವರ ಲೆಕ್ಕ ತಪ್ಪಿತು. ಇಂಡಿಯ ನಿಂಬೆ ತೋಟದಲ್ಲಿ ಕಾಯಿ ಕೀಳುವ ಹೆಣ್ಣುಮಕ್ಕಳ ಎರಡೂ ಕೈಗೆ ಕೆಲಸ. ಮುಳ್ಳಿನ ನಡುವೆ ಫೋನು ಹಿಡಿದು ಕೂಡಲಾಗದು. ಪೆಟ್ಟಿಗೆಯಾದರೆ ಟೊಂಗೆಗೆ ಸಿಕ್ಕಿಸಿದರಾಯಿತು. ಕುರಿ ಮೇಯಿಸುತ್ತ ಊರೂರು ತಿರುಗುವವರಿಗೆ ನೆಟ್‌ವರ್ಕು ಇದ್ದರೆಷ್ಟು, ಬಿಟ್ಟರೆಷ್ಟು! ಅವರ ಹಾಡು ಕಂಬಳಿಯ ಮಡಿಕೆಯಲ್ಲೇ ಇರುತ್ತದೆ. ತೊಗರಿ ರಾಶಿ ಕಾಯುವವನಿಗೆ ರಾತ್ರಿಯ ಜೊತೆ, ಚಹಾದಂಗಡಿಯವನಿಗೆ ಮುಂಜಾನೆಯ ವಚನ, ಟ್ರ್ಯಾಕ್ಟರಿನವನಿಗೆ ಸಿನಿಮಾ ಹಾಡು. ಬಿದ್ದರೂ ಒಡೆದರೂ ಎದೆ ಒಡೆಯುವಷ್ಟು ಬೆಲೆಯಲ್ಲ. ಮೇಲಾಗಿ ಫೋನಿನ ಚಾರ್ಜು ಮಾತಿಗೆ ಉಳಿಯುತ್ತದೆ.

ಹಿಡಿಸುವ ಹಾಡಿನ ಲೆಕ್ಕ ಕೇಳಿದರೆ ಹಳೆಯ ಟೇಪ್ ರಿಕಾರ್ಡರಿನವರು ಬಾಯಿ ಮೇಲೆ ಬೆರಳಿಡಬೇಕು. ಎಂಪಿ3 ಹಾಡು ಸಾಮಾನ್ಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 1 ಎಂ.ಬಿ. ಜಾಗ ತಿನ್ನುತ್ತದೆ. 4 ಜಿ.ಬಿ. ಕಾರ್ಡಿನಲ್ಲಿ 65 ತಾಸಿಗೂ ಮಿಕ್ಕಿ ಹಾಡು ಕೂಡುತ್ತವೆ. ಅಂದರೆ 60 ನಿಮಿಷದ ಕ್ಯಾಸೆಟ್ಟು 65ಕ್ಕೂ ಹೆಚ್ಚು! ಒಂದು ಕಾಲಕ್ಕೆ ಟ್ರಂಕು ತುಂಬುತ್ತಿದ್ದ ಸರಕು ಈಗ ಉಗುರಿನ ಮೇಲೆ ಕೂಡುತ್ತದೆ.

ಸಣ್ಣ ಪೆಟ್ಟಿಗೆ, ಸಣ್ಣ ತಂಟೆ

ಅಗ್ಗದ ಸಾಮಾನಿಗೆ ಅದರದೇ ತಂಟೆಗಳುಂಟು. ‘ಹಾಡು ಹಿಂದುಮುಂದಾಗಿ ಬರ್ತಾವ್ರಿ’ ಎಂಬುದು ನಿತ್ಯದ ದೂರು. ಇಂಥ ಎಷ್ಟೋ ಪೆಟ್ಟಿಗೆಗಳಿಗೆ ಹೆಸರಿನ ಅನುಕ್ರಮ ತಿಳಿಯದು. ಕಾರ್ಡಿಗೆ ಯಾವ ಹಾಡು ಮೊದಲು ಇಳಿಯಿತೋ ಅದನ್ನೇ ಮೊದಲು ಹಾಡುತ್ತವೆ. ಕಥೆಯ ಪದ ನಾಲ್ಕು ಭಾಗ ಇದ್ದರೆ ಒಂದೊಂದಾಗಿ, ಸಾಲಿನಂತೆಯೇ ಇಳಿಸಬೇಕು. ಇಲ್ಲದಿದ್ದರೆ ಮದುವೆ ಮೊದಲು, ಹುಟ್ಟಿದ್ದು ಆಮೇಲೆ!

‘ದೊಡ್ಡ ಕಾರ್ಡು ಹಾಕಿದ್ರ ಓದವಲ್ದು’ ಎಂಬುದು ಇನ್ನೊಂದು ದೂರು. 32 ಜಿ.ಬಿ.ವರೆಗಿನ ಕಾರ್ಡಿಗೂ ಅದಕ್ಕಿಂತ ದೊಡ್ಡ ಕಾರ್ಡಿಗೂ ಒಳಗಿನ ಬರಹದ ಪದ್ಧತಿಯೇ ಬೇರೆ. ಬಹಳಷ್ಟು ಅಗ್ಗದ ಪೆಟ್ಟಿಗೆಗಳಿಗೆ ಹೊಸ ಪದ್ಧತಿ ಓದಲು ಬರುವುದಿಲ್ಲ. 64ರ ಕಾರ್ಡು ತಂದು ಅಂಗಡಿಯವನೊಡನೆ ಜಗಳಾಡುವ ಬದಲು 8 ಅಥವಾ 16ರ ಕಾರ್ಡು ಕೊಳ್ಳುವುದು ಜಾಣತನ.

ಮೂರನೆಯದು ಬ್ಯಾಟರಿ. ಇದು ಹಾಸ್ಯದ ಮಾತಲ್ಲ. 2003ರಲ್ಲಿ ಬಂದ ನೋಕಿಯಾ 1100 ಫೋನಿನ ಬಿಎಲ್-5ಸಿ ಬ್ಯಾಟರಿಯ ಅಳತೆಯವೇ ಇಂದಿಗೂ ಇಂಥ ಎಷ್ಟೋ ಪೆಟ್ಟಿಗೆಗಳ ಹೊಟ್ಟೆಯಲ್ಲಿವೆ. ಚಾರ್ಜು ಮಾಡುವಾಗ ಅತಿಯಾಗಿ ಕಾಯಬಹುದೆಂದು ಆ ಮಾದರಿಯ 4.6 ಕೋಟಿ ಬ್ಯಾಟರಿಗಳ ಬಗ್ಗೆ 2007ರ ಆಗಸ್ಟಿನಲ್ಲಿ ನೋಕಿಯಾ ಕಂಪನಿಯೇ ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಹೆಸರಾಂತ ಕಂಪನಿಯ ಪಾಡೇ ಹೀಗಿದ್ದರೆ, ಹೆಸರಿಲ್ಲದ ಬ್ಯಾಟರಿಯ ಗತಿ ಏನು? ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂಡಿಸಬಾರದು. ತಲೆದಿಂಬಿನ ಕೆಳಗೆ ಪೆಟ್ಟಿಗೆಯಿಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕಬಾರದು.

ಇನ್ನು ಬಸ್ಸು. ಒಬ್ಬನ ಭಜನಿ, ಇನ್ನೊಬ್ಬನ ಸಿನಿಮಾ, ನಡುವೆ ಕೂಸಿನ ಅಳು. ಸಿಂದಗಿಯಿಂದ ಇಂಡಿ ಮುಟ್ಟುವಷ್ಟರಲ್ಲಿ ತಲೆ ಗಿಂವ್ ಎನ್ನುತ್ತದೆ. ಬಸ್ಸಿನೊಳಗೆ ಮೊಬೈಲಿನ ಹಾಡು ಜೋರಾಗಿ ಹಾಕಬಾರದೆಂದು 2021ರ ನವೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ಆದೇಶ ಹೊರಡಿಸಿತು. ಕಂಡಕ್ಟರ್ ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದು ಎಂದಿತು. ನಮ್ಮ ಭಾಗದ ಬಸ್ಸು ಬೇರೆ ನಿಗಮದವು, ನಿಜ. ಆದರೆ ಬಗಲಿಗೆ ಕುಂತವರ ಕಿವಿಗೆ ನಿಗಮದ ಭೇದವಿಲ್ಲ.

ಹೆಸರು ಕಳೆದದ್ದು ಹೇಗೆ?

ಇವೆಲ್ಲ ರಿಪೇರಿಯಾಗುವ ತಂಟೆಗಳು. ಆಗದೆ ಉಳಿದದ್ದು ಹೆಸರಿನದು.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. 1966ರಲ್ಲಿ ಕಲಬುರ್ಗಿಯ ಕೇಂದ್ರವೂ ಬಂತು. ಅಲ್ಲಿ ಹಾಡುವ ಮೊದಲು ಹಾಡುಗಾರರ ಹೆಸರು, ಊರು ಹೇಳುವ ರೂಢಿ. ಹಾಡಿದ ಮೇಲೆ ಇನ್ನೊಮ್ಮೆ. ಕಟ್ಟೆಯ ಮೇಲೆ ಕೂತು ಕೇಳಿದವರಿಗೆ ಹೆಸರು ಬಾಯಿಪಾಠವಾಗುತ್ತಿತ್ತು. 80ರ ದಶಕದಲ್ಲಿ ಕ್ಯಾಸೆಟ್ಟು ಪೇಟೆ ತುಂಬಿತು. ಹೊದಿಕೆಯ ಕಾಗದದ ಮೇಲೆ ಹಾಡುಗಾರರ ಹೆಸರು ಅಚ್ಚಾಗಿರುತ್ತಿತ್ತು, ಒಮ್ಮೊಮ್ಮೆ ಪಟಕಾ ಸುತ್ತಿದ ಫೋಟೋ ಕೂಡ.

ಕಾರ್ಡು ಬಂತು, ಹೊದಿಕೆ ಹೋಯಿತು. ಹೊದಿಕೆಯ ಸಂಗಡ ಹೆಸರೂ ಹೋಯಿತು. ಈಗ ಹಾಡಿನ ಗುರುತು ‘ಟ್ರ್ಯಾಕ್ 07’, ‘ಹೊಸ ಡೊಳ್ಳು 2’, ‘ಸೂಪರ್ ಪದ’. ಪೆಟ್ಟಿಗೆಯ ಮುಖದ ಮೇಲೂ ಬರೀ ಅಂಕಿ. ಹಾಗೆಂದು ತಂತ್ರಜ್ಞಾನ ಮಾಡಿದವರು ಹೆಸರನ್ನು ಮರೆತಿರಲಿಲ್ಲ. ಎಂಪಿ3 ಹಾಡಿನ ಬಾಲಕ್ಕೆ 128 ಬೈಟಿನ ಒಂದು ಚೀಟಿ ಅಂಟಿಸುವ ಪದ್ಧತಿ 1996ರಲ್ಲೇ ಬಂತು. ಆ ಚೀಟಿಯಲ್ಲಿ ಹಾಡುಗಾರರ ಹೆಸರಿಗೆಂದೇ 30 ಇಂಗ್ಲಿಷ್ ಅಕ್ಷರದ ಜಾಗವಿದೆ. ಮನೆ ಕಟ್ಟಿಟ್ಟಿದ್ದಾರೆ, ಒಳಗೆ ಕೂಡಬೇಕಾದವರನ್ನು ಕರೆಯುವವರಿಲ್ಲ.

ನಮ್ಮ ಹಾಡುಗಾರರಿಗೂ ಹೆಸರಿನ ಹಂಗಿಲ್ಲವೆಂದಲ್ಲ. ಲಾವಣಿ, ಗೀಗೀ ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಊರು, ಗುರು, ಕವಿಯ ಅಂಕಿತ ಸೇರಿಸುವುದು ಹಳೆಯ ಪದ್ಧತಿ. ಹರದೇಶಿಯವರು ಶಿವನ ಪಕ್ಷ, ನಾಗೇಶಿಯವರು ಶಕ್ತಿಯ ಪಕ್ಷ ಹಿಡಿದು ರಾತ್ರಿಯಿಡೀ ಸವಾಲು-ಜವಾಬು ನಡೆಸುವಾಗ ಯಾವ ಮೇಳ ಯಾವ ಊರಿನದೆಂಬುದೇ ಮುಖ್ಯ. ಜಾತ್ರೆಯಲ್ಲಿ ಫೋನು ಎತ್ತಿ ಹಿಡಿದು ಮುದ್ರಿಸುವ ಹುಡುಗರು ರಂಗೇರಿದ ನಡುಭಾಗ ಹಿಡಿದು ಬಾಲ ಬಿಡುತ್ತಾರೆ. ಬಾಲದಲ್ಲೇ ಹೆಸರಿತ್ತು! ಜಾಗ ಉಳಿಯಲೆಂದು ಕತ್ತರಿಸಿದ ಅರ್ಧ ನಿಮಿಷದಲ್ಲಿ ಒಬ್ಬ ಕವಿ ಕಳೆದುಹೋದ.

ಹೆಸರಿಲ್ಲದಿದ್ದರೆ ಏನಾಯಿತು, ಹಾಡು ಉಳಿಯಿತಲ್ಲ ಎನ್ನುವವರಿದ್ದಾರೆ. ಹೆಸರಿಗೇ ವೀಳ್ಯ ಬರುವುದು. ಪಕ್ಕದ ತಾಲೂಕಿನ ಜಾತ್ರಾ ಕಮಿಟಿಯವರು ಪೆಟ್ಟಿಗೆಯಲ್ಲಿ ದನಿ ಕೇಳಿ ಮೆಚ್ಚಿ, ‘ಇವರನ್ನ ಕರಸೋಣು’ ಎಂದರೆ, ಯಾರನ್ನು ಕರೆಸಬೇಕು? ಟ್ರ್ಯಾಕ್ 07ನ್ನೇ? ಸುಗ್ಗಿ ಮುಗಿದ ಮೇಲೆ ಹಾಡಿನಿಂದಲೇ ನಾಲ್ಕು ಕಾಸು ಕಾಣುವ ಮೇಳಕ್ಕೆ ಇದು ಹೊಟ್ಟೆಯ ಪ್ರಶ್ನೆ.

ಕಾನೂನು ಏನನ್ನುತ್ತದೆ?

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಅನುಮತಿಯಿಲ್ಲದೆ ಕಂಪನಿಯ ಹಾಡು ನಕಲು ಮಾಡಿ ಮಾರಿದರೆ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ‘ಎಲ್ಲಾರೂ ಹಾಕ್ತಾರ, ನಾವೂ ಹಾಕ್ತೀವಿ’ ಎಂಬುದು ಕೋರ್ಟಿನಲ್ಲಿ ಜವಾಬಾಗದು. ಇದು ವ್ಯಾಪಾರಿಗಳಿಗೆ ಗೊತ್ತಿದ್ದ ಮಾತೇ. ಗೊತ್ತಿಲ್ಲದ ಮಾತು ಇನ್ನೊಂದಿದೆ. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷದ ಹಕ್ಕಿದೆ. 2012ರ ತಿದ್ದುಪಡಿ, ‘ಇದನ್ನು ಹಾಡಿದವನು ನಾನು’ ಎಂದು ಹೆಸರು ಕೇಳುವ ಹಕ್ಕನ್ನೂ ಅವರಿಗೆ ಕೊಟ್ಟಿದೆ. ಆ ಹಕ್ಕು ಸಿನಿಮಾದ ದೊಡ್ಡವರಿಗಷ್ಟೇ ಮೀಸಲಲ್ಲ. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಡಿದು ಹಾಡಿದವನಿಗೂ ಉಂಟು.

ಹಲಸಂಗಿಯ ಪಾಠ

ಹಾಡು ಕೂಡಿಡುವ ಕೆಲಸ ಈ ಸೀಮೆಗೆ ಹೊಸದಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರು, ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಪುಸ್ತಕವಾಯಿತು. ಯಂತ್ರವಿಲ್ಲ, ಕರೆಂಟಿಲ್ಲ; ಕಿವಿ ಮತ್ತು ಕಾಗದ ಎರಡೇ. ಅಕ್ಷರ ಉಳಿದವು. ಆದರೆ ಆ ತಾಯಂದಿರ ದನಿ ಹೇಗಿತ್ತೆಂದು ಇಂದು ಯಾರೂ ಹೇಳಲಾರರು.

ಈಗಿನ ಪಾಡು ತಿರುವುಮುರುವು. ದನಿ ಬೇಕಾದಷ್ಟಿದೆ, ಯಾರದೆಂದು ಬರೆದುಕೊಂಡವರಿಲ್ಲ. ದನಿಯೂ ಗಟ್ಟಿಯಲ್ಲ, ಕಾರ್ಡು ಒಂದು ದಿನ ಸುಳಿವು ಕೊಡದೆ ಕೆಡುತ್ತದೆ. ಮುದುಕ ಹಾಡುಗಾರನ ಒಂದೇ ಮುದ್ರಣ ಅದರಲ್ಲಿದ್ದರೆ ಅಲ್ಲಿಗೆ ತೀರಿತು.

ಇದಕ್ಕೆ ಸರಕಾರದ ಅನುದಾನ ಬೇಕಿಲ್ಲ, ಸಮಿತಿಯೂ ಬೇಕಿಲ್ಲ. ಜಾತ್ರೆಯಲ್ಲಿ ಮುದ್ರಿಸುವವರು ಮೇಳದವರ ಒಪ್ಪಿಗೆ ಕೇಳಲಿ, ಕೊನೆಯ ನುಡಿ ಮುಗಿಯುವವರೆಗೆ ಕೈ ಇಳಿಸದಿರಲಿ. ಅಂಗಡಿಯವರು ‘ಟ್ರ್ಯಾಕ್ 07’ ಅಳಿಸಿ ಹಾಡುಗಾರರ ಹೆಸರು, ಊರು, ವರ್ಷ ಟೈಪು ಮಾಡಲಿ; ಚಹಾ ಆರುವಷ್ಟು ಹೊತ್ತೂ ಹಿಡಿಯದು. ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಇದ್ದವರು ಅದರ ಹೊದಿಕೆ ಎಸೆಯದಿರಲಿ. ಅಪರೂಪದ ಹಾಡಿದ್ದರೆ ಎರಡು ಕಡೆ ನಕಲು ಇಡಲಿ.

ಕೊಳ್ಳುವವರದೂ ಒಂದು ಕೆಲಸವಿದೆ. ಮುಂದಿನ ಸಲ ಕಾರ್ಡು ತುಂಬಿಸುವಾಗ, ‘ದನಿ ಚೊಲೊ ಅದ, ಯಾರದಪಾ ಇದು?’ ಎಂದು ಒಂದು ಮಾತು ಕೇಳಬೇಕು. ಗಿರಾಕಿ ಕೇಳಿದ್ದನ್ನು ಪೇಟೆ ತಂದೇ ತರುತ್ತದೆ. ಇಷ್ಟು ವರ್ಷ ಯಾರೂ ಹೆಸರು ಕೇಳಲಿಲ್ಲ, ಅದಕ್ಕೇ ಅದು ಬರಲಿಲ್ಲ.