ಮಧುಮೇಹಿಗಳ ನಿದ್ರೆಗೆ ಮಾತಿನ ಮದ್ದು

‘ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ರೆ’ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಸಂತೆಯಲ್ಲಿ ಮಲಗಬಲ್ಲ ಪುಣ್ಯವಂತರ ಮಾತು ಹಾಗಿರಲಿ. ಸದ್ದಡಗಿದ ಮನೆಯಲ್ಲಿ ದೀಪವಾರಿಸಿ ಮಲಗಿ, ಗಡಿಯಾರ ಒಂದು ಹೊಡೆದದ್ದನ್ನೂ ಎರಡು ಹೊಡೆದದ್ದನ್ನೂ ಎಣಿಸುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಈ ಕಷ್ಟ ಉಳಿದವರಿಗಿಂತ ಮಧುಮೇಹವುಳ್ಳವರಲ್ಲಿ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ಆದುದರಿಂದ ಇದು ಯಾರದೋ ಮನೆಯ ವಿಷಯವಲ್ಲ.

ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಶರೀರದ ಉಪಸ್ತಂಭಗಳೆಂದು, ಎಂದರೆ ಆಸರೆಗಂಬಗಳೆಂದು ಎಣಿಸಿದೆ. ನಮ್ಮ ಮಧುಮೇಹಿಗಳು ಮೊದಲನೆಯ ಕಂಬವನ್ನು ಹಗಲಿರುಳೂ ಕಾಯುತ್ತಾರೆ. ಅನ್ನವೆಷ್ಟು, ಮುದ್ದೆಯೆಷ್ಟು, ಹಬ್ಬದ ದಿನ ಅರ್ಧ ಹೋಳಿಗೆ ತಿಂದರೆ ಏನಾದೀತು ಎಂದು ಲೆಕ್ಕ ಹಾಕುತ್ತಾರೆ. ಎರಡನೆಯ ಕಂಬ ವಾಲಿದರೆ ಮಾತ್ರ ‘ವಯಸ್ಸಾಯಿತು, ನಿದ್ದೆ ಎಲ್ಲಿಂದ ಬರಬೇಕು?’ ಎಂದು ಸುಮ್ಮನಾಗುತ್ತಾರೆ, ಇಲ್ಲವೆ ಔಷಧದ ಅಂಗಡಿಯಲ್ಲಿ ಮಾತ್ರೆ ಕೇಳುತ್ತಾರೆ. ಈ ಎರಡಕ್ಕೂ ಹೊರತಾದ ಮೂರನೆಯ ದಾರಿಯೊಂದಿದೆ. ಅದು ಮಾತಿನ ಚಿಕಿತ್ಸೆ. ಇಂಗ್ಲಿಷಿನ ಅದರ ಉದ್ದನೆಯ ಹೆಸರನ್ನು ಮೊಟಕು ಮಾಡಿ ಸಿ.ಬಿ.ಟಿ.-ಐ ಎನ್ನುತ್ತಾರೆ. ನಿದ್ರೆಯ ಬಗ್ಗೆ ನಾವು ತಾಳಿರುವ ಎಣಿಕೆಗಳನ್ನೂ ಬೆಳೆಸಿಕೊಂಡಿರುವ ರೂಢಿಗಳನ್ನೂ ತಿದ್ದುವ ಚಿಕಿತ್ಸೆಯೆಂದು ಕನ್ನಡದಲ್ಲಿ ಹೇಳಿದರೆ ಸಾಕು.

ಮಾತಿಗೆ ಮುಂಚೆ ದೇಹದ ಲೆಕ್ಕವನ್ನು ಚುಕ್ತಾ ಮಾಡಿಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದರೆ ಮೂತ್ರಪಿಂಡಗಳು ಅದನ್ನು ತಡೆಹಿಡಿಯಲಾರವು. ಸಕ್ಕರೆ ನೀರನ್ನು ಜೊತೆಗೆ ಎಳೆದುಕೊಂಡು ಮೂತ್ರವಾಗಿ ಹೊರಡುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳುವುದಕ್ಕೆ ಇದೊಂದು ಕಾರಣ. ಅಂಗಾಲುಗಳ ಉರಿ, ಜೋಮು ನರಗಳ ತೊಂದರೆಯಿಂದ ಬರುವಂಥವು. ರಾತ್ರಿಯಲ್ಲಿ ಇವುಗಳ ಕಾಟ ಹೆಚ್ಚು. ದೊಡ್ಡದಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಗಕ್ಕನೆ ಎಚ್ಚರಗೊಳ್ಳುವವರಿಗೆ ಬೇರೆಯ ಪರೀಕ್ಷೆ, ಬೇರೆಯ ಚಿಕಿತ್ಸೆ ಬೇಕು. ಇದು ರೋಗಿಗಿಂತ ಮೊದಲು ಪಕ್ಕದಲ್ಲಿ ಮಲಗುವವರಿಗೆ ತಿಳಿಯುವ ಸಂಗತಿಯಾದ್ದರಿಂದ ಅವರನ್ನೂ ವೈದ್ಯರ ಬಳಿಗೆ ಕರೆದೊಯ್ಯುವುದು ಲೇಸು. ಇವಾವುದನ್ನೂ ಮಾತಿನಿಂದ ವಾಸಿಮಾಡಲಾಗದು.

ಸಕ್ಕರೆ ನಿದ್ರೆಯನ್ನು ಕೆಡಿಸುವಂತೆ ನಿದ್ರೆಯ ಕೊರತೆಯೂ ಸಕ್ಕರೆಯನ್ನು ಕೆಡಿಸುತ್ತದೆ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ಆರೋಗ್ಯವಂತರಾದ 11 ಮಂದಿ ಯುವಕರನ್ನು ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಹಾಸಿಗೆಯಲ್ಲಿ ಇರಗೊಟ್ಟರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ಅರಗಿಸುವ ಶಕ್ತಿಯಲ್ಲಿ ಎದ್ದುಕಾಣುವಂತೆ ಹಿಂದೆ ಬಿತ್ತು. ಮತ್ತೆ ಕಣ್ತುಂಬ ನಿದ್ರೆಮಾಡಿದಾಗ ಸ್ಥಿತಿ ಸುಧಾರಿಸಿತು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದು, ಕಾಲಿನ ಉರಿಗೂ ಔಷಧ ದೊರೆತ ಮೇಲೆ ನಿದ್ರೆ ತಾನಾಗಿಯೇ ಮರಳಬೇಕಷ್ಟೆ? ಅನೇಕರಿಗೆ ಮರಳುವುದಿಲ್ಲ. ಏಕೆಂಬುದಕ್ಕೆ 1987ರಲ್ಲಿ ಅಮೆರಿಕದ ಆರ್ಥರ್ ಸ್ಪೀಲ್ಮನ್ ಎಂಬ ಮನೋವಿಜ್ಞಾನಿ ತೃಪ್ತಿಕರವಾದ ಉತ್ತರ ಕೊಟ್ಟರು. ನಿದ್ರೆಗೇಡಿಗೆ ಒಳಗಾಗುವ ಸ್ವಭಾವ ಕೆಲವರಿಗೆ ಮೊದಲೇ ಇರುತ್ತದೆ. ಯಾವುದೋ ಕಾಯಿಲೆಯೋ ದುಃಖವೋ ಅದನ್ನು ಹೊತ್ತಿಸುತ್ತದೆ. ಆದರೆ ಹೊತ್ತಿಸಿದ ಕಡ್ಡಿ ಆರಿಹೋದರೂ ಬೆಂಕಿಗೆ ಸೌದೆ ಒಟ್ಟುತ್ತಿರುವುದು, ಆ ಕಷ್ಟವನ್ನು ನಿಭಾಯಿಸಲೆಂದು ನಾವು ಹಿಡಿದ ರೂಢಿಗಳೇ.

ನನ್ನೊಡನೆ ಕೆಲಸಮಾಡಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟರೊಬ್ಬರ ಕತೆ ಇದಕ್ಕೆ ಒಪ್ಪುವ ಉದಾಹರಣೆ. ಹನ್ನೆರಡು ವರ್ಷದ ಮಧುಮೇಹ. ಒಂದು ಮಳೆಗಾಲ ಸಕ್ಕರೆ ವಿಪರೀತ ಏರಿ, ರಾತ್ರಿ ನಾಲ್ಕು ಬಾರಿ ಏಳುವಂತಾಯಿತು. ಕಳೆದ ನಿದ್ರೆಯನ್ನು ಹಿಡಿಯಲೆಂದು ಅವರು ಒಂಬತ್ತೂವರೆಗೇ ಹಾಸಿಗೆ ಸೇರತೊಡಗಿದರು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಲಗಿದರು. ಸಂಜೆ ಆರಾಮಕುರ್ಚಿಯಲ್ಲಿ ತೂಕಡಿಸಿದರು. ವೈದ್ಯರು ಔಷಧ ಬದಲಿಸಿ ಎರಡು ತಿಂಗಳಲ್ಲಿ ಸಕ್ಕರೆ ಇಳಿಯಿತು. ಏಳುವುದು ಒಂದು ಸಲಕ್ಕೆ ಬಂತು. ಆದರೆ ಆ ಒಂದು ಸಲ ಎದ್ದವರು ಮತ್ತೆ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚಲಾರರು. ಹಾಸಿಗೆ ನೋಡಿದರೇ ಎದೆ ಡವಗುಟ್ಟುತ್ತಿತ್ತೆಂದು ನನ್ನಲ್ಲಿ ಹೇಳಿದರು. ಕಾಯಿಲೆ ಕಲಿಸಿದ ಪಾಠವನ್ನು, ಕಾಯಿಲೆ ಇಳಿದ ಮೇಲೂ ಹಾಸಿಗೆ ಒಪ್ಪಿಸುತ್ತಿತ್ತು.

ಈ ಪಾಠವನ್ನು ಮರೆಯಿಸುವುದೇ ಚಿಕಿತ್ಸೆಯ ಕೆಲಸ. ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿಗಳು. ಬಾಲ್ಯದ ಗುಟ್ಟುಗಳನ್ನು ಕೆದಕುತ್ತಾರೇನೋ ಎಂಬ ಅಂಜಿಕೆ ಬೇಡ. ಮಾತೆಲ್ಲ ನಿನ್ನೆಯ ರಾತ್ರಿಯದು, ನಾಳೆಯ ರಾತ್ರಿಯದು. ಮೊದಲು ಒಂದು ನೋಟುಪುಸ್ತಕದಲ್ಲಿ ಎರಡು ವಾರದ ನಿದ್ರೆಯ ಲೆಕ್ಕ ಬರೆಸುತ್ತಾರೆ. ನಮ್ಮ ಮೇಷ್ಟರು ಒಂಬತ್ತೂವರೆಯಿಂದ ಐದೂವರೆಯವರೆಗೆ ಎಂಟು ಗಂಟೆ ಹಾಸಿಗೆಯಲ್ಲಿದ್ದರು. ನಿದ್ರೆ ಬಂದದ್ದು ಸರಾಸರಿ ಐದು ಗಂಟೆ. ಎಂದರೆ ನೂರಕ್ಕೆ 62.5 ಅಂಕ. ತೇರ್ಗಡೆಗೆ ಬೇಕಾದದ್ದು 85. ಅದಕ್ಕೆ ವೈದ್ಯರು ಹೇಳಿದ್ದೇನು? ‘ರಾತ್ರಿ ಹನ್ನೆರಡಕ್ಕೆ ಮೊದಲು ಹಾಸಿಗೆಗೆ ಹೋಗಕೂಡದು; ನಿದ್ರೆ ಬಂದಿರಲಿ ಬಿಡಲಿ, ಐದೂವರೆಗೆ ಏಳತಕ್ಕದ್ದು; ಹಗಲುನಿದ್ರೆ ಬೇಡ.’

‘ಪಂಡಿತರೇ, ನಿದ್ದೆಯಿಲ್ಲ ಅಂತ ಹೋದವನಿಗೆ ಕಡಿಮೆ ಮಲಗಿ ಅಂದರು! ಇದಕ್ಕೆ ಡಾಕ್ಟರು ಬೇಕೇ?’ ಎಂದು ಮೇಷ್ಟರು ನನ್ನ ಮುಂದೆ ರೇಗಾಡಿದರು. ರೇಗಿದ್ದು ಸಹಜವೇ. ಆದರೆ ಒಳಗಿನ ತತ್ತ್ವ ಸರಳವಾದದ್ದು. ಎಚ್ಚರವಿದ್ದಷ್ಟು ಹೊತ್ತೂ ದೇಹದಲ್ಲಿ ನಿದ್ರೆಯ ಹಸಿವು ಕೂಡುತ್ತ ಹೋಗುತ್ತದೆ. ಮಧ್ಯಾಹ್ನ ಸಂಜೆ ಕುರುಕಲು ತಿಂದವನಿಗೆ ರಾತ್ರಿ ಊಟ ಹೇಗೆ ಸೇರದೋ ಹಾಗೆಯೇ ಹಗಲು ತೂಕಡಿಸಿದವನಿಗೆ ರಾತ್ರಿ ನಿದ್ರೆ ಸೇರದು. ಕಾಲವನ್ನು ಬಿಗಿಮಾಡಿದರೆ ಚೂರುಚೂರಾಗಿದ್ದ ನಿದ್ರೆ ಒಂದೇ ತುಂಡಾಗಿ ಕೂಡಿಕೊಳ್ಳುತ್ತದೆ. ವಾರದ ಸರಾಸರಿ 85ನ್ನು ಮುಟ್ಟಿದ ಮೇಲೆ ಹದಿನೈದು ನಿಮಿಷದಂತೆ ಹಾಸಿಗೆಯ ಕಾಲವನ್ನು ಹೆಚ್ಚಿಸುತ್ತಾರೆ.

ಇದರ ಜೊತೆಗೆ ಇನ್ನೊಂದು ವಿಧಿಯಿದೆ. ಅದನ್ನು 1972ರಲ್ಲಿ ರಿಚರ್ಡ್ ಬೂಟ್‌ಜಿನ್ ಎಂಬವರು ರೂಪಿಸಿದರು. ಹಾಸಿಗೆ ನಿದ್ರೆಗೇ ಮೀಸಲು. ಇಪ್ಪತ್ತು ನಿಮಿಷದಷ್ಟು ಕಾಲ ನಿದ್ರೆ ಬಾರದಿದ್ದರೆ (ಗಡಿಯಾರ ನೋಡಿ ಅಳೆಯಬಾರದು, ಅಂದಾಜಿರಲಿ) ಎದ್ದು ಬೇರೆ ಕೋಣೆಗೆ ಹೋಗಿ ಮಂದ ಬೆಳಕಿನಲ್ಲಿ ಏನಾದರೂ ನೀರಸವಾದದ್ದನ್ನು ಮಾಡುತ್ತಿದ್ದು, ಕಣ್ಣೆಳೆದಾಗಲೇ ಮರಳಬೇಕು. ಹಾಸಿಗೆಯಲ್ಲಿ ಮನೆಯ ಲೆಕ್ಕ ಬರೆಯುವುದು, ಫೋನು ಉಜ್ಜುವುದು ಎಲ್ಲವೂ ನಿಷಿದ್ಧ. ತಲೆದಿಂಬಿನ ಪಕ್ಕದ ರೇಡಿಯೋ ಕೂಡ ನಿಷಿದ್ಧವೇ! ಈ ಪತ್ರಿಕೆಯಲ್ಲಿ ಆ ಮಾತನ್ನು ಬರೆಯಲು ಸಂಕೋಚವಾಗುತ್ತದೆ. ಕೇಳುವುದನ್ನು ಬಿಡಬೇಕೆಂದಲ್ಲ, ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು ಕೇಳಬೇಕೆಂದು ಅರ್ಥ.

ಮೂರನೆಯ ಕೆಲಸ ಎಣಿಕೆಗಳನ್ನು ತಿದ್ದುವುದು. ಮಧುಮೇಹಿಯ ಮನಸ್ಸು ನಡುರಾತ್ರಿ ಒಂದು ಸರಪಳಿಯನ್ನು ಹೆಣೆಯುತ್ತದೆ: ನಿದ್ರೆ ಬರಲಿಲ್ಲ, ಇನ್ನು ಸಕ್ಕರೆ ಏರುತ್ತದೆ, ಏರಿದರೆ ಕಣ್ಣು ಹೋಗುತ್ತದೆ, ಮಕ್ಕಳಿಗೆ ಹೊರೆಯಾಗುತ್ತೇನೆ. ಮೇಲಿನ ಷಿಕಾಗೋ ಪ್ರಯೋಗವನ್ನು ಓದಿದವರು ಇಂದು ರಾತ್ರಿ ಅದನ್ನೇ ನೆನೆದು ಎಚ್ಚರವಿದ್ದಾರೆಂಬ ಭಯ ನನಗೂ ಇದೆ. ಚಿಕಿತ್ಸಕರು ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಹಿಡಿದು ಪ್ರಶ್ನಿಸುತ್ತಾರೆ. ಒಂದು ರಾತ್ರಿ ನಿದ್ರೆಗೆಟ್ಟರೆ ಕಣ್ಣು ಹೋಗುವುದೆ? ಮೊನ್ನೆ ನಿದ್ರೆಯಿಲ್ಲದ ಮರುದಿನ ನಿಮ್ಮ ಸಕ್ಕರೆ ಎಷ್ಟಿತ್ತು? ಬರೆದಿಟ್ಟಿದ್ದೀರಾ? ಭಯ ಹೇಳಿದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ಎಷ್ಟೋ ವೇಳೆ ತಾಳೆಯಾಗುವುದಿಲ್ಲ.

ಕನ್ನಡ ಕಲಿಸುವವನಾಗಿ ನನಗೆ ಇಲ್ಲಿ ವ್ಯಾಕರಣದ ಒಂದು ಸೊಗಸು ಕಾಣುತ್ತದೆ. ‘ನಾನು ಊಟ ಮಾಡಿದೆ’ ಎಂಬಲ್ಲಿ ಕರ್ತೃ ನಾನು. ‘ನನಗೆ ನಿದ್ದೆ ಬಂತು’ ಎಂಬಲ್ಲಿ ಕರ್ತೃ ನಿದ್ದೆ. ನಾನು ಚತುರ್ಥೀ ವಿಭಕ್ತಿಯಲ್ಲಿ ಕಾದು ನಿಂತವನು. ನಿದ್ರೆಯನ್ನು ಬಲವಂತದಿಂದ ತರಹೊರಟವನು ಅದನ್ನು ಅಟ್ಟುತ್ತಾನೆ. ಬಾಗಿಲು ತೆರೆದಿಡುವುದಷ್ಟೇ ನಮ್ಮ ಕೆಲಸವೆಂದು ಚಿಕಿತ್ಸಕರೂ ಹೇಳುತ್ತಾರೆ.

ಜಾಣ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ನಿದ್ರೆ ಕಡಿಮೆಯಾದರೆ ಸಕ್ಕರೆ ಏರುವುದಾದರೆ, ಮಲಗುವ ಕಾಲವನ್ನೇ ಕಡಿತಮಾಡುವ ಚಿಕಿತ್ಸೆ ಮಧುಮೇಹಿಗೆ ತಕ್ಕದ್ದೆ? ಕಡಿತವಾಗುವುದು ಮುಖ್ಯವಾಗಿ ಎಚ್ಚರದಿಂದ ಹೊರಳಾಡುವ ಹೊತ್ತು. ಆದರೂ ಮೊದಲ ಒಂದೆರಡು ವಾರ ನಿದ್ರೆಯೂ ಸ್ವಲ್ಪ ತಗ್ಗಿ ಹಗಲು ಮಂಪರು ಬರುವುದುಂಟು. ಅದಕ್ಕೇ ಐದು ಗಂಟೆಗಿಂತ ಕೆಳಕ್ಕೆ ಇಳಿಸುವುದಿಲ್ಲ. ಬಸ್ಸು ಲಾರಿ ನಡೆಸುವವರಿಗೂ ಮೂರ್ಛೆರೋಗ ಉಳ್ಳವರಿಗೂ ಈ ವಿಧಿಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರೂ ಮಲಗುವ ವೇಳೆ ಬದಲಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಲೇಬೇಕು. ಊಟ, ಔಷಧ, ನಿದ್ರೆ ಮೂರೂ ಒಂದೇ ನೂಲಿನಲ್ಲಿ ಪೋಣಿಸಿದಂಥವು.

ಇನ್ನೊಂದು ಎಚ್ಚರಿಕೆಯನ್ನು ಮನೆಯವರೂ ಓದಿಕೊಳ್ಳಲಿ. ನಡುರಾತ್ರಿ ಮೈಯೆಲ್ಲ ಬೆವೆತು, ಕೈ ನಡುಗಿ, ಹಸಿವಾಗಿ ಅಥವಾ ಕೆಟ್ಟ ಕನಸಿನಿಂದ ಎಚ್ಚರವಾದರೆ ಅದನ್ನು ನಿದ್ರಾಹೀನತೆಯೆಂದು ಬಗೆದು ಬೇರೆ ಕೋಣೆಗೆ ಹೋಗಿ ಕೂಡುವುದಲ್ಲ. ಸಕ್ಕರೆ ಕುಸಿದಿರಬಹುದು. ಪರೀಕ್ಷಿಸಿ 70ಕ್ಕಿಂತ ಕಡಿಮೆಯಿದ್ದರೆ, ಪರೀಕ್ಷಿಸುವ ಯಂತ್ರ ಇಲ್ಲದಿದ್ದರೆ ಅನುಮಾನ ಬಂದೊಡನೆಯೇ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಫಲದ ಮಾತಿಗೆ ಬಂದರೆ, 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ದೀರ್ಘಕಾಲದ ನಿದ್ರಾಹೀನತೆಯುಳ್ಳ ವಯಸ್ಕರಿಗೆಲ್ಲ ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕೆಂದು ಶಿಫಾರಸು ಮಾಡಿತು. ಮಾತ್ರೆಯ ಗುಣ ನುಂಗಿದ ರಾತ್ರಿಗಷ್ಟೆ; ಕೆಲವು ಮಾತ್ರೆಗಳು ಚಟವಾಗುತ್ತವೆ, ವಯಸ್ಸಾದವರು ಕತ್ತಲಲ್ಲಿ ಬೀಳುವುದಕ್ಕೂ ಕಾರಣವಾಗುತ್ತವೆ. ಹಾಗೆಂದು ಬಹುಕಾಲದಿಂದ ನುಂಗುತ್ತಿರುವ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮಧುಮೇಹಿಗಳ ಮೇಲೆಯೇ ನಡೆದ ಪ್ರಯೋಗಗಳು ಹೆಚ್ಚಾಗಿ ಚಿಕ್ಕವು. ಅವುಗಳಲ್ಲಿ ನಿದ್ರೆ ಸುಧಾರಿಸಿದ್ದು ಸ್ಪಷ್ಟ. ಮೂರು ತಿಂಗಳ ಸಕ್ಕರೆಯ ಸರಾಸರಿ ಕೆಲವೆಡೆ ಸ್ವಲ್ಪ ಇಳಿದಿದೆ, ಕೆಲವೆಡೆ ಇಳಿದಿಲ್ಲ. ಆದುದರಿಂದ ಇದು ಸಕ್ಕರೆಯ ಔಷಧವೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ನಿದ್ರೆಗಾಗಿಯೇ ಇದನ್ನು ಹಿಡಿಯಬೇಕು; ಅದೇನು ಸಣ್ಣ ಲಾಭವೆ?

ಮೇಷ್ಟರಿಗೆ ಮೊದಲ ಹತ್ತು ದಿನ ನರಕವಾಗಿತ್ತು. ಸಂಜೆ ಏಳರ ಮೇಲೆ ಅವರನ್ನು ಕುರ್ಚಿಯಲ್ಲಿ ಕೂಡಗೊಡದೆ ಹುರುಳಿಕಾಯಿ ಬಿಡಿಸಲು, ಹಾಲು ತರಲು ಹಚ್ಚಿದವರು ಅವರ ಮನೆಯಾಕೆ. ಚಿಕಿತ್ಸೆಯಲ್ಲಿ ಅರ್ಧ ಪಾಲು ಆಕೆಯದೆನ್ನಬೇಕು. ಆರನೆಯ ವಾರದ ಹೊತ್ತಿಗೆ ಹನ್ನೊಂದಕ್ಕೆ ಮಲಗಿ ಐದೂವರೆಗೆ ಏಳುವಂತಾದರು. ಈಗಲೂ ಒಂದು ಸಲ ಎಚ್ಚರವಾಗುತ್ತದೆ. ಬಚ್ಚಲಿಗೆ ಹೋಗಿಬಂದು ಮಲಗುತ್ತಾರೆ.

ಈ ಚಿಕಿತ್ಸೆ ಕೊಡಬಲ್ಲವರು ಎಲ್ಲ ಊರಿನಲ್ಲಿ ಇಲ್ಲವೆಂಬುದು ನಿಜವಾದ ಕೊರತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಅನುಭವವುಳ್ಳ ತಜ್ಞರಿದ್ದಾರೆ. ಅದೇ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದ್ದರಿಂದ ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಗೆ, ಯಾವ ಹೊತ್ತಿನಲ್ಲಿ ಫೋನು ಮಾಡಿದರೂ ಕನ್ನಡದಲ್ಲಿಯೇ ಕೇಳಿ ದಾರಿ ತೋರುತ್ತಾರೆ, ಶುಲ್ಕವಿಲ್ಲ. ಹೋಗುವಾಗ ಎರಡು ವಾರದ ಲೆಕ್ಕವನ್ನು ಬರೆದೊಯ್ದರೆ ಮೊದಲ ಭೇಟಿ ವ್ಯರ್ಥವಾಗದು: ಮಲಗಿದ ವೇಳೆ, ನಿದ್ರೆ ಬಂದ ಅಂದಾಜು, ಎಷ್ಟು ಸಲ ಎದ್ದದ್ದು, ಬೆಳಗ್ಗೆ ಎದ್ದ ವೇಳೆ, ಮತ್ತು ಪಕ್ಕದಲ್ಲಿಯೇ ಆ ದಿನದ ಸಕ್ಕರೆ.