ಶಿಷ್ಯಶಬ್ದಾರ್ಥವೂ ಯಾಕೋಬನ ಪತ್ರಿಕೆಯೂ

‘ಶಿಷ್ಯ’ ಶಬ್ದವು ‘ಶಾಸ್’ ಧಾತುವಿನಿಂದ ಹುಟ್ಟಿದುದು. ಉಪದೇಶಕ್ಕೆ ಯೋಗ್ಯನೆಂದು ಅದರರ್ಥ. ಹೊಸ ಒಡಂಬಡಿಕೆಯ ಗ್ರೀಕು ಮೂಲದಲ್ಲಿ ಇದರ ಸ್ಥಾನದಲ್ಲಿರುವ ‘ಮಥೇತೇಸ್’ ಎಂಬುದಕ್ಕೆ ಕಲಿಯುವವನೆಂದರ್ಥ. ಎರಡೂ ಶ್ರವಣವನ್ನೇ ಹೇಳುವಂತೆ ತೋರುತ್ತವೆ. ಆದರೆ ಯಾಕೋಬನ ಪತ್ರಿಕೆಯು ಅಷ್ಟರಿಂದ ತೃಪ್ತಿಗೊಳ್ಳುವುದಿಲ್ಲ. ಕೇಳಿಯೂ ಅದರಂತೆ ನಡೆಯದವನನ್ನು ಅದರ ಮೊದಲನೆಯ ಅಧ್ಯಾಯವು ಕನ್ನಡಿಯಲ್ಲಿ ಮುಖವನ್ನು ನೋಡಿ ಹೊರಟೊಡನೆ ಮರೆಯುವವನಿಗೆ ಹೋಲಿಸುತ್ತದೆ. ಎರಡನೆಯದು, ಹಸಿದವನನ್ನು ಒಳ್ಳೆಯ ಮಾತಿನಿಂದಷ್ಟೇ ಕಳುಹಿಸಿಬಿಡುವ ನಂಬಿಕೆಯನ್ನು ನಿರ್ಜೀವವೆನ್ನುತ್ತದೆ. ಐದನೆಯದು ಕೊಯ್ಲಿನವರ ಕೂಲಿಯನ್ನು ತಡೆಹಿಡಿದ ಧನಿಕರನ್ನು ಖಂಡಿಸುತ್ತದೆ. ಭತ್ತದ ಸೀಮೆಯಾದ ಶಿಕಾರಿಪುರ ಸೊರಬಗಳ ಓದುಗರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

ಈ ಅಭಿಪ್ರಾಯವು ಆ ಸೀಮೆಗೆ ಹೊಸದೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನು ಹೇಳಿ, ಅದೇ ಸ್ಥಾನದಲ್ಲಿ ದೀನಾನಾಥರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುವೆಂದು ತಿಳಿಸುತ್ತದೆ. ಮತವೂ ಕಾಲವೂ ಬೇರೆ; ಒಂದರಿಂದ ಮತ್ತೊಂದು ಬಂದಿತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಎರಡು ಕಡೆಯೂ ಓದಿದವನ ಪರೀಕ್ಷೆಯು ನಡೆಯುವುದು ಹಸಿದವನ ಎಲೆಯ ಮುಂದೆ. ವೇದವಾಕ್ಯವನ್ನು ಬೋಧಿಸುವವರು, ಅದು ಯಾವ ವೇದವೇ ಆಗಲಿ, ಪದಾರ್ಥದೊಡನೆ ಈ ಪರೀಕ್ಷೆಯನ್ನೂ ಶಿಷ್ಯನಿಗೆ ತಿಳಿಸಿಕೊಡಬೇಕು.